ವಾಚ್‌ಗೂ ಒಂದು ಸಿಮ್ ಬೇಕಾ? ಎರಡನ್ನೂ ಕಟ್ಟಿ ನೋಡಿದ ಮೇಲೆ

ಸೀರೆಗೆ ಜೇಬು ಇರುವುದಿಲ್ಲ. ನಾನು ಸ್ಮಾರ್ಟ್‌ವಾಚ್ ಕೊಂಡದ್ದಕ್ಕೆ ಮೊದಲ ಕಾರಣ ಅದೇ. ಫೋನ್ ಒಳಗಿನ ಕೋಣೆಯಲ್ಲಿ ಚಾರ್ಜ್‌ಗೆ ಇಟ್ಟು ಅಡುಗೆಮನೆಯಲ್ಲಿ ಇರುತ್ತೇನೆ. ಟ್ಯೂಷನ್ ಮಕ್ಕಳ ತಾಯಂದಿರು ಫೋನ್ ಮಾಡುತ್ತಾರೆ. ಕುಕ್ಕರ್ ಸದ್ದಿನಲ್ಲಿ ನನಗೆ ಕೇಳಿಸುವುದೇ ಇಲ್ಲ. ವಾಚ್ ಬಂದ ಮೇಲೆ ಆ ತಾಪತ್ರಯ ತಪ್ಪಿತು. ನನ್ನದು ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ 6, 44 ಎಂಎಂ, ಸಿಮ್ ಇಲ್ಲದ ಬ್ಲೂಟೂತ್ ಮಾದರಿ. 'ಸಿಮ್ ಇರೋದನ್ನೇ ತಗೋಬೇಕಿತ್ತಲ್ಲಕ್ಕಾ' ಅಂತ ತಮ್ಮ ಆಗಲೇ ಹೇಳಿದ್ದ. ಅದಕ್ಕೆ ನಾಲ್ಕು ಸಾವಿರ ಜಾಸ್ತಿ, ಸುಮ್ನೆ ಯಾಕೆ ಕೊಡಬೇಕು ಅಂದಿದ್ದೆ.

ಅಪ್ಪ ಬಿದ್ದ ದಿನ ಆ ಮಾತು ಮತ್ತೆ ಬಂತು.

ಅಪ್ಪ ಇರುವುದು ಚಿತ್ರದುರ್ಗದಲ್ಲಿ. ನಾನು ದಾವಣಗೆರೆಯ ವಿದ್ಯಾನಗರದಲ್ಲಿ. ಮಧ್ಯೆ ಸುಮಾರು 60 ಕಿಲೋಮೀಟರ್. ಅಪ್ಪನಿಗೆ ಈಗ 71. ಬೆಳಿಗ್ಗೆ ಕೋಟೆ ಹತ್ತದಿದ್ದರೆ ಅವರಿಗೆ ಕಾಫಿ ರುಚಿಸುವುದಿಲ್ಲ. ಹೋದ ಮಳೆಗಾಲದಲ್ಲಿ ಏಕನಾಥೇಶ್ವರಿ ಗುಡಿ ಕಡೆಯಿಂದ ಇಳಿಯುವಾಗ ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು. ಮಂಡಿ ತರಚಿತು, ಕೈ ಉಳುಕಿತು. ಫೋನ್ ಮನೆಯಲ್ಲಿತ್ತು. ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದರು, ಆಮೇಲೆ ವಾಕಿಂಗ್ ಬಂದ ಇಬ್ಬರು ಹುಡುಗರು ಕೈ ಹಿಡಿದು ಕೆಳಗೆ ಕರೆದುಕೊಂಡು ಬಂದರು. 'ಫೋನ್ ಯಾಕೆ ಒಯ್ಯಲ್ಲ ಅಪ್ಪಾಜಿ?' ಅಂದರೆ, 'ಮೆಟ್ಲು ಹತ್ತುವಾಗ ಎರಡೂ ಕೈ ಬೇಕು ಕಣಮ್ಮ. ಜೇಬಲ್ಲಿಟ್ರೆ ತೊಡೆಗೆ ಬಡೀತದೆ' ಅಂದರು.

ತಮ್ಮ ಅದೇ ಮಾದರಿಯ ಎಲ್‌ಟಿಇ ವಾಚ್ ತಂದ. ಅಂದರೆ ಒಳಗೇ ಇ-ಸಿಮ್ (ಕಾರ್ಡ್ ಹಾಕಬೇಕಿಲ್ಲದ ಸಿಮ್) ಇದ್ದು, ಫೋನ್ ಇಲ್ಲದೆಯೂ ತಾನೇ ಮೊಬೈಲ್ ನೆಟ್‌ವರ್ಕ್ ಹಿಡಿಯುವ ವಾಚ್. ಅಪ್ಪನ ಕೈಗೆ ಕಟ್ಟುವ ಮೊದಲು ಮೂರು ವಾರ ನನಗೆ ಕೊಡು ಅಂದೆ. ಅದಕ್ಕೂ ಮುಂಚಿನ ಮೂರು ವಾರ ನನ್ನ ಬ್ಲೂಟೂತ್ ವಾಚ್ ಕಟ್ಟಿ ಲೆಕ್ಕ ಬರೆದಿಟ್ಟಿದ್ದೆ. ಮನೆ ಖರ್ಚಿನ ಪುಸ್ತಕದ ಹಿಂದಿನ ಪುಟದಲ್ಲಿ ಫೋನ್ ಕೈಯಲ್ಲಿ ಇಲ್ಲದೆ ಹೊರಗೆ ಹೋದದ್ದು ಎಷ್ಟು ಸಲ, ಆಗ ಏನು ತಪ್ಪಿತು, ಎರಡೇ ಕಾಲಂ.

ಮೊದಲ ಮೂರು ವಾರ ಒಂದು ವಿಷಯ ಕಲಿಸಿತು. ಸಿಮ್ ಇಲ್ಲದ ವಾಚ್ ನಾವು ಅಂದುಕೊಂಡಷ್ಟು ಕೈಲಾಗದ್ದಲ್ಲ. ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಫೋನ್ ಇಲ್ಲದೆ ನಡೆದರೂ ಜಿಪಿಎಸ್ ದಾರಿ ಗುರುತಿಸುತ್ತದೆ. ಜಿಪಿಎಸ್‌ಗೆ ಸಿಮ್ ಬೇಕಿಲ್ಲ, ಅದು ಉಪಗ್ರಹದಿಂದ ನೇರವಾಗಿ ತಗೊಳ್ಳುತ್ತದೆ. ಎದೆಬಡಿತ, ಹೆಜ್ಜೆ ಎಲ್ಲಾ ಎಣಿಸುತ್ತದೆ. ಮೊದಲೇ ತುಂಬಿಸಿಟ್ಟ ಹಾಡು ಇಯರ್‌ಬಡ್‌ಗೆ ಕೊಡುತ್ತದೆ. ಮನೆಯ ವೈಫೈಗೆ ಒಂದು ಸಲ ಸೇರಿಸಿದರೆ, ಫೋನ್ ಕೆಳಗೆ ಇದ್ದು ನಾನು ಮಹಡಿ ಮೇಲೆ ಬಟ್ಟೆ ಒಣಗಿಸುವಾಗಲೂ ಮೆಸೇಜ್ ಬಂದದ್ದು ಗೊತ್ತಾಗುತ್ತದೆ. ಬ್ಲೂಟೂತ್ ಹತ್ತು ಮೀಟರ್ ಆಚೆ ಕೈಕೊಡುತ್ತದೆ, ಆಗ ವೈಫೈ ಕೆಲಸಕ್ಕೆ ಬರುತ್ತದೆ. ಎಲ್‌ಟಿಇ ಇದ್ದರೆ ಫೋನ್ ಬಿಟ್ಟು ಆರಾಮಾಗಿ ವಾಕಿಂಗ್ ಹೋಗಬಹುದು ಅಂತ ಅಂಗಡಿಯಲ್ಲಿ ಹೇಳುತ್ತಾರಲ್ಲ, ಆ ಆರಾಮದ ಮುಕ್ಕಾಲು ಪಾಲು ಬ್ಲೂಟೂತ್ ವಾಚ್‌ನಲ್ಲೇ ಇದೆ. ಇಲ್ಲದ್ದು ಮನೆಯಿಂದ ಆಚೆಗಿನ ಕರೆ, ಮೆಸೇಜ್ ಮತ್ತು ಕಷ್ಟಕಾಲದಲ್ಲಿ ಯಾರನ್ನಾದರೂ ಕೂಗುವ ದಾರಿ.

ನಂತರ ಎಲ್‌ಟಿಇ ಕಟ್ಟಿದೆ. ನನ್ನದೇ ನಂಬರ್ ವಾಚ್‌ನಲ್ಲೂ ರಿಂಗ್ ಆಗುವ ಹಾಗೆ ಮಾಡಿಸಿದೆ. ಇದಕ್ಕೆ ಫೋನ್‌ನಲ್ಲಿ ಯಾವ ಕಂಪನಿಯ ಸಿಮ್ ಇದೆಯೋ ವಾಚ್‌ಗೂ ಅದೇ ಕಂಪನಿಯದು ಬೇಕು. ಎರಡು ಸಿಮ್ ಹಾಕುವವರು ಗಮನಿಸಿ, ಹಂಚಿಕೊಂಡ ಆ ಒಂದು ನಂಬರಿನ ಕರೆ ಮಾತ್ರ ವಾಚ್‌ಗೆ ಬರುತ್ತದೆ. ನನಗೆ ಟ್ಯೂಷನ್ ನಂಬರ್ ಬೇರೆ, ಮನೆ ನಂಬರ್ ಬೇರೆ. ಮನೆ ನಂಬರ್ ಆರಿಸಿದೆ.

ಮೊದಲ ದಿನ ದಾವಣಗೆರೆಯ ಗಾಜಿನಮನೆ ಹತ್ತಿರ ನಡೆಯುತ್ತಿದ್ದಾಗ ಕೈ ಮೇಲೆ ಕರೆ ಬಂತು. ಮಗಳ ಸ್ಕೂಲ್ ವ್ಯಾನ್ ದಾರಿಯಲ್ಲಿ ಕೆಟ್ಟು ನಿಂತಿತ್ತು. ನಾನು ಅಲ್ಲಿಂದಲೇ ಆಟೋ ಹಿಡಿದು ಹೋದೆ. ಆ ಕ್ಷಣ ನಾಲ್ಕು ಸಾವಿರ ಏನೂ ಅಲ್ಲ ಅನ್ನಿಸಿತು. ಆದರೆ ಪುಸ್ತಕ ಬೇರೆ ಹೇಳುತ್ತದೆ. ಮೂರು ವಾರದಲ್ಲಿ ಫೋನ್ ಬಿಟ್ಟು ಹೊರಗೆ ಹೋದದ್ದು 17 ಸಲ. ವಾಚ್‌ಗೆ ಕರೆ ಬಂದದ್ದು 6. ಅದರಲ್ಲಿ ಐದು ಕರೆ ಅರ್ಧ ಗಂಟೆ ತಡವಾಗಿ ತಿರುಗಿ ಮಾಡಿದರೂ ನಡೆಯುವಂಥವು. ವ್ಯಾನ್ ಕರೆ ಒಂದೇ ಆಗಲೇ ಬೇಕಾಗಿದ್ದದ್ದು. ಅದು ಕೂಡ ನನಗೆ ಸಿಗದಿದ್ದರೆ ನಮ್ಮ ಮನೆಯವರಿಗೆ ಹೋಗುತ್ತಿತ್ತು.

ಫೋನ್ ಬಿಟ್ಟು ಹೋಗೋಣ ಅಂದರೆ ಇನ್ನೊಂದು ತೊಡಕು ಇದೆ. ಕೆರೆ ಸುತ್ತಿ ಬಂದ ಮೇಲೆ ಬೆಣ್ಣೆ ದೋಸೆ ತಿನ್ನದೆ ಬರುವ ದಾವಣಗೆರೆಯವರು ಕಡಿಮೆ. ದುಡ್ಡು ಕೊಡುವುದು ಹೇಗೆ? ಗೋಡೆ ಮೇಲಿನ ಕ್ಯೂಆರ್ ಓದಲು ವಾಚ್‌ಗೆ ಕ್ಯಾಮೆರಾ ಇಲ್ಲ. ಸಿಮ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಎರಡನೇ ದಿನದಿಂದ ವಾಚ್ ಪಟ್ಟಿಯ ಕೆಳಗೆ ನೂರರ ಎರಡು ನೋಟು ಮಡಚಿ ಇಟ್ಟುಕೊಳ್ಳಲು ಶುರು ಮಾಡಿದೆ. ನಮ್ಮೂರಿನ ಕೆ.ಆರ್. ಮಾರ್ಕೆಟ್‌ಗೆ ತರಕಾರಿಗೆ ಹೋಗುವ ದಿನ ಫೋನ್ ತಗೊಂಡೇ ಹೋಗುತ್ತಿದ್ದೆ. ಫೋನ್ ಜೊತೆಗೇ ಇದ್ದರೆ ವಾಚ್‌ನ ಸಿಮ್‌ಗೆ ಕೆಲಸವೇ ಇಲ್ಲ, ಎಲ್ಲಾ ಬ್ಲೂಟೂತ್ ಮೇಲೆ ನಡೆಯುತ್ತದೆ.

ಈಗ ದುಡ್ಡಿನ ಮಾತು. 2023ರಲ್ಲಿ ಈ ವಾಚ್ ಬಂದಾಗ 44 ಎಂಎಂ ಬ್ಲೂಟೂತ್ ಮಾದರಿಗೆ 32,999, ಎಲ್‌ಟಿಇಗೆ 36,999 ರೂಪಾಯಿ. ಆಮೇಲೆ ಇಳಿಯಿತು, ಆದರೆ ಹೊಸದು ತಗೊಳ್ಳುವಾಗ ಅಂತರ ಸಾಮಾನ್ಯವಾಗಿ ಇಷ್ಟೇ. ಇದನ್ನು ಎಲ್ಲರೂ ನೋಡುತ್ತಾರೆ. ನೋಡದೆ ಹೋಗುವುದು ತಿಂಗಳ ಬಿಲ್. ನಮ್ಮ ಕಂಪನಿಯಲ್ಲಿ ನಂಬರ್ ಹಂಚಿಕೊಳ್ಳಲು ನಾನು ಪ್ರೀಪೇಯ್ಡ್‌ನಿಂದ ಪೋಸ್ಟ್‌ಪೇಯ್ಡ್‌ಗೆ ಹೋಗಬೇಕಾಯಿತು. ಮೊದಲು 28 ದಿನಕ್ಕೆ ಸುಮಾರು 300 ರೂಪಾಯಿ ಹಾಕಿಸುತ್ತಿದ್ದೆ. ವರ್ಷಕ್ಕೆ ಹದಿಮೂರು ಸಲ, ಅಂದರೆ 3,900. ಪೋಸ್ಟ್‌ಪೇಯ್ಡ್‌ನಲ್ಲಿ ಜಿಎಸ್‌ಟಿ ಸೇರಿ ತಿಂಗಳಿಗೆ 530, ವರ್ಷಕ್ಕೆ 6,360. ವರ್ಷಕ್ಕೆ 2,460 ಜಾಸ್ತಿ. ವಾಚ್ ಮೂರು ವರ್ಷ ಬಾಳಿದರೆ ಅದು 7,380, ಮೇಲೆ ಆ ನಾಲ್ಕು ಸಾವಿರ. ಒಟ್ಟು 11,380. ಇದು ಸಿಮ್‌ನ ನಿಜವಾದ ಬೆಲೆ. ಈಗಾಗಲೇ ಪೋಸ್ಟ್‌ಪೇಯ್ಡ್‌ನಲ್ಲಿ ಇರುವವರಿಗೆ ಲೆಕ್ಕ ಬೇರೆ, ಅವರು ವಾಚ್‌ಗೆ ಪ್ರತ್ಯೇಕ ದುಡ್ಡು ಇದೆಯಾ ಅಂತ ಕೇಳಿಕೊಂಡರೆ ಸಾಕು.

ಐಫೋನ್ ಇರುವವರಿಗೆ ಈ ವಾಚ್ ಆಗುವುದೇ ಇಲ್ಲ, ಅವರಿಗೆ ಆಪಲ್ ವಾಚೇ ಬೇಕು. ಅಲ್ಲಿ ಅಂತರ ಇನ್ನೂ ದೊಡ್ಡದು. ಸೀರೀಸ್ 10 ಬಂದಾಗ 42 ಎಂಎಂನ ಸಿಮ್ ಇಲ್ಲದ ಜಿಪಿಎಸ್ ಮಾದರಿಗೆ 46,900, ಸಿಮ್ ಇರುವ ಸೆಲ್ಯುಲಾರ್‌ಗೆ 56,900. ಹತ್ತು ಸಾವಿರ!

ಬ್ಯಾಟರಿ ವಿಷಯದಲ್ಲಿ ನನಗೆ ಭಯ ಇತ್ತು. ಎರಡರಲ್ಲೂ 425 ಎಂಎಎಚ್ ಬ್ಯಾಟರಿಯೇ. ಫೋನ್ ಹತ್ತಿರ ಇದ್ದ ದಿನ ಎರಡರ ನಡುವೆ ನನಗೆ ವ್ಯತ್ಯಾಸ ಕಾಣಲಿಲ್ಲ, ರಾತ್ರಿಗೆ ನಲವತ್ತರ ಆಸುಪಾಸು ಉಳಿಯುತ್ತಿತ್ತು. ಫೋನ್ ಬಿಟ್ಟು ಒಂದು ಗಂಟೆ ನಡೆದರೆ ಬ್ಲೂಟೂತ್ ವಾಚ್‌ನಲ್ಲಿ ಎಂಟು ಪರ್ಸೆಂಟ್ ಇಳಿಯುತ್ತಿತ್ತು, ಎಲ್‌ಟಿಇಯಲ್ಲಿ ಹದಿನೈದು. ಅದು ಕುಂದವಾಡದ ಬಯಲಲ್ಲಿ, ಒಳ್ಳೆ ಸಿಗ್ನಲ್ ಇರುವಲ್ಲಿ.

ಆದರೆ ಅಪ್ಪ ನಡೆಯುವುದು ಬಯಲಲ್ಲಿ ಅಲ್ಲ, ಬಂಡೆಗಳ ನಡುವೆ. ಅದಕ್ಕೇ ಒಂದು ಭಾನುವಾರ ಅವರ ಜೊತೆ ಕೋಟೆ ಹತ್ತಿದೆ. ಏಳು ಸುತ್ತಿನ ಕೋಟೆಯ ಬಾಗಿಲುಗಳನ್ನು ದಾಟುವಾಗ ಸಿಗ್ನಲ್ ಬಂತು, ಹೋಯಿತು, ಬಂತು. ಎರಡೂ ಪಕ್ಕ ಎತ್ತರದ ಗೋಡೆ, ಅದಕ್ಕೆ ಅಂಟಿದ ಗುಡ್ಡ. ಏಕನಾಥೇಶ್ವರಿ ಗುಡಿ ಎದುರಿನ ಬಯಲಿಗೆ ಬಂದ ಮೇಲೆ ಸರಿಹೋಯಿತು. ಅಲ್ಲಿಂದ ನಮ್ಮ ಮನೆಯವರಿಗೆ ಕರೆ ಮಾಡಿದೆ, ಗಾಳಿ ಸದ್ದು ಬಿಟ್ಟರೆ ಮಾತು ಸ್ವಚ್ಛವಾಗಿತ್ತು. ಓಬವ್ವನ ಕಿಂಡಿ ಹತ್ತಿರ ಬಂಡೆ ಸಂದಿಗೆ ಇಳಿದಾಗ ಪೂರ್ತಿ ಹೋಯಿತು. ಅದೇ ಜಾಗದಲ್ಲಿ ನನ್ನ ಫೋನ್ ಒಂದು ಕಡ್ಡಿ ತೋರಿಸುತ್ತಿತ್ತು. ವಾಚ್‌ನ ಆಂಟೆನಾ ಚಿಕ್ಕದು, ಮೈಗೆ ಅಂಟಿಕೊಂಡೇ ಇರುತ್ತದೆ. ಫೋನ್ ಹಿಡಿಯುವ ಸಿಗ್ನಲ್ ಅದಕ್ಕೆ ಸಿಗದೇ ಹೋಗಬಹುದು. ಸಿಗ್ನಲ್ ಹುಡುಕುತ್ತಾ ಇದ್ದಾಗ ಬ್ಯಾಟರಿ ಕುಡಿಯುವುದೂ ಜಾಸ್ತಿ. ಎರಡು ಗಂಟೆಗೆ ಮೂವತ್ತೊಂದು ಪರ್ಸೆಂಟ್ ಹೋಗಿತ್ತು.

ಅಪ್ಪ ಬಿದ್ದ ಜಾಗದಲ್ಲಿ ನಿಂತು ಎಸ್‌ಒಎಸ್ (ಅಪಾಯದ ಕರೆ) ಪರೀಕ್ಷೆ ಮಾಡಿದೆವು. ಮೇಲಿನ ಬಟನ್ ಐದು ಸಲ ಒತ್ತಿದರೆ ತಮ್ಮನಿಗೆ ಕರೆ, ಜೊತೆಗೆ ನಿಂತ ಜಾಗದ ಮೆಸೇಜ್. ತಮ್ಮ ಮನೆಯಲ್ಲೇ ಇದ್ದ, ಎರಡೂ ಅವನಿಗೆ ತಲುಪಿದವು. ಅಪ್ಪ ಮಾತಾಡದೆ ಸ್ವಲ್ಪ ಹೊತ್ತು ವಾಚ್ ನೋಡುತ್ತಾ ನಿಂತರು. ಜೋರಾಗಿ ಬಿದ್ದರೆ ತಾನೇ ಗುರುತಿಸುವ ಸೌಲಭ್ಯವೂ ಇದೆ, ಅದನ್ನು ಸೆಟ್ಟಿಂಗ್ಸ್‌ನಲ್ಲಿ ನಾವೇ ಆನ್ ಮಾಡಬೇಕು. ಬಿದ್ದವರು ಸುಮಾರು ಒಂದು ನಿಮಿಷ ಸುಮ್ಮನಿದ್ದರೆ ಅದು ಮನೆಯವರಿಗೆ ತಿಳಿಸುತ್ತದೆ. ಮೆಲ್ಲಗೆ ಕುಸಿದು ಕೂತರೆ ಗುರುತಿಸದೇ ಇರಬಹುದು, ಅದು ಗೊತ್ತಿರಲಿ. ಈ ಗುರುತಿಸುವ ಕೆಲಸ ನನ್ನ ಬ್ಲೂಟೂತ್ ವಾಚ್ ಕೂಡ ಮಾಡುತ್ತದೆ. ಆದರೆ ಫೋನ್ ಹತ್ತಿರ ಇಲ್ಲದಿದ್ದರೆ ಅದಕ್ಕೆ ಹೇಳಲು ಬಾಯಿಲ್ಲ. ಬಿದ್ದದ್ದು ಗೊತ್ತು, ಯಾರಿಗೂ ಹೇಳಲಾರದು. ನನಗೆ ಇಡೀ ಹೋಲಿಕೆ ಅಲ್ಲೇ ಮುಗಿಯಿತು.

ಕೀಪ್ಯಾಡ್ ಫೋನ್ ಸಾಕಲ್ವಾ ಅಂತ ಅಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆ. ಒಂದೂವರೆ ಸಾವಿರಕ್ಕೆ ಬರುತ್ತದೆ, ಚಾರ್ಜ್ ಮೂರ್ನಾಲ್ಕು ದಿನ ನಿಲ್ಲುತ್ತದೆ, ಸಿಗ್ನಲ್ ವಾಚ್‌ಗಿಂತ ಚೆನ್ನಾಗಿ ಹಿಡಿಯುತ್ತದೆ. ಎರಡು ವಾರ ಕೊಟ್ಟು ನೋಡಿದ್ದೆವು. ಅಪ್ಪ ಐದು ದಿನ ಒಯ್ದರು, ಆಮೇಲೆ ಅದು ಟಿವಿ ಪಕ್ಕ ಕೂತಿತು. ಜೇಬಿನ ವಸ್ತು ಮರೆತು ಹೋಗುತ್ತದೆ. ಕೈಗೆ ಕಟ್ಟಿದ್ದು ಮರೆಯುವುದಿಲ್ಲ, ಐವತ್ತು ವರ್ಷದಿಂದ ಅವರು ವಾಚ್ ಕಟ್ಟದೆ ಹೊಸ್ತಿಲು ದಾಟಿಲ್ಲ.

ನನ್ನ ನಂಬರಿನಿಂದ ಅಪ್ಪನ ನಂಬರಿಗೆ ಇ-ಸಿಮ್ ಬದಲಿಸುವಾಗ ಮಾತ್ರ ಸಾಕುಸಾಕಾಯಿತು. ಅಂಗಡಿಗೆ ಎರಡು ಸಲ ಅಲೆದೆವು. ಮೊದಲ ಸಲ ಸರ್ವರ್ ಇಲ್ಲ ಅಂದರು. ಎರಡನೇ ಸಲ, ಅಪ್ಪನ ಸಿಮ್ ತಮ್ಮನ ಹೆಸರಲ್ಲಿ ಇದೆ, ಅವರೇ ಬರಬೇಕು ಅಂದರು. ಅದನ್ನು ಮೊದಲ ದಿನವೇ ಹೇಳಬಹುದಿತ್ತು. ಮನೆಯ ಹಿರಿಯರಿಗೆ ಇಂಥ ವಾಚ್ ಕೊಡಿಸುವವರು ಅವರ ಸಿಮ್ ಯಾರ ಹೆಸರಲ್ಲಿದೆ ಅಂತ ಮೊದಲು ನೋಡಿಕೊಳ್ಳಿ.

ನಾನು ನನ್ನ ಬ್ಲೂಟೂತ್ ವಾಚ್‌ಗೇ ಮರಳಿದ್ದೇನೆ. ನಂಬರನ್ನು ಪ್ರೀಪೇಯ್ಡ್‌ಗೆ ಹಾಕಿಸಿದೆ. ಕೆರೆಗೆ ಹೋಗುವಾಗ ಫೋನನ್ನು ಸಣ್ಣ ಚೀಲದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆ, ದೋಸೆ ದುಡ್ಡಿಗೂ ಅದು ಬೇಕು. ಅಪ್ಪನದು ಪೋಸ್ಟ್‌ಪೇಯ್ಡ್ ಆಗಿದೆ, ಆ ಬಿಲ್ ನಾನು ಮತ್ತು ತಮ್ಮ ಅರ್ಧರ್ಧ ಕಟ್ಟುತ್ತೇವೆ. ವಾಚ್‌ಗೆ ಬರುವ ಬೇರೆ ಸದ್ದುಗಳನ್ನೆಲ್ಲಾ ನಿಲ್ಲಿಸಿ ಬರೀ ಕರೆ ಉಳಿಸಿದ್ದೇವೆ. ಚಾರ್ಜರ್ ದೇವರ ಮನೆ ಪಕ್ಕದ ಕಪಾಟಿನಲ್ಲಿ ಇದೆ. ರಾತ್ರಿ ದೀಪ ಹಚ್ಚುವಾಗ ಅಮ್ಮ ಅದನ್ನೂ ಚಾರ್ಜ್‌ಗೆ ಇಡುತ್ತಾರೆ.

ಬೆಳಿಗ್ಗೆ ಆರೂ ಮುಕ್ಕಾಲಿಗೆ ನನಗೆ ಒಂದು ಕರೆ ಬರುತ್ತದೆ. ಹಿಂದೆ ಗಾಳಿ ಸದ್ದು, ನವಿಲಿನ ಕೂಗು. 'ಮೇಲೆ ಬಂದೆ ಕಣಮ್ಮ, ಇಡ್ತೀನಿ' ಅನ್ನುತ್ತಾರೆ ಅಪ್ಪ. ಹತ್ತು ಸೆಕೆಂಡ್ ಕೂಡ ಇರುವುದಿಲ್ಲ.