ಡಿಸಿಎಸ್‌ನ ಮಿಗ್-21ಬಿಸ್: ಮೀಟರಿನ ಮುಳ್ಳು ನೋಡಿ ಹಾರಲು ಕಲಿಯುವವರಿಗೆ

ಡಿಸಿಎಸ್ ವರ್ಲ್ಡ್ ಅನ್ನುವುದು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್. ಅದಕ್ಕೆ ಸೋವಿಯತ್ ಯುದ್ಧವಿಮಾನ ಮಿಗ್-21ಬಿಸ್‌ನ ಮಾಡ್ಯೂಲ್, ಅಂದರೆ ಬೇರೆಯಾಗಿ ಕೊಳ್ಳುವ ವಿಮಾನ, ಬಂದದ್ದು 2014ರಲ್ಲಿ. ನಾನು ಇದನ್ನು ವರ್ಷಗಳಿಂದ ಹಾರಿಸುತ್ತಿದ್ದೇನೆ. ನಡುವೆ ಅಮೆರಿಕದ ಎಫ್-16, ಎಫ್/ಎ-18 ಎರಡನ್ನೂ ಕಲಿತೆ. ಆದರೂ ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತರೆ ಕೈ ಹೋಗುವುದು ಇದರ ಕಡೆಗೇ. ಈ ವಿಮಾನದಲ್ಲಿ ನಿಮ್ಮ ಪರವಾಗಿ ಲೆಕ್ಕ ಹಾಕುವ ಸ್ಕ್ರೀನ್ ಇಲ್ಲ. ಎಲ್ಲಿದ್ದೇನೆ, ವಾಪಸ್ ಬರಲು ಇಂಧನ ಸಾಕಾ, ಎಲ್ಲವೂ ತಲೆಯಲ್ಲೇ ಇರಬೇಕು.

ಇಂಧನದ ಮೀಟರನ್ನೇ ನೋಡಿ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಅದು ಅಳೆಯುವುದೇ ಇಲ್ಲ. ಎಂಜಿನ್ ಕುಡಿದಷ್ಟನ್ನು ಕಳೆಯುತ್ತಾ ಹೋಗುತ್ತದೆ, ಅಷ್ಟೇ. ಹೊರಡುವ ಮುಂಚೆ ನಾಬ್ ತಿರುಗಿಸಿ, ಎಷ್ಟು ಲೀಟರ್ ತುಂಬಿದೆಯೋ ಅಲ್ಲಿಗೆ ನೀವೇ ಮುಳ್ಳು ಇಡಬೇಕು. ಹೊಟ್ಟೆಯ ಕೆಳಗೆ 800 ಲೀಟರಿನ ಟ್ಯಾಂಕ್ ಕಟ್ಟಿದ್ದರೆ ಅದನ್ನೂ ಸೇರಿಸಬೇಕು. ತಪ್ಪು ಅಂಕಿ ಇಟ್ಟರೆ ಕೊನೆತನಕ ತಪ್ಪನ್ನೇ ತೋರಿಸುತ್ತದೆ. 450 ಲೀಟರ್ ಉಳಿದಾಗ ಒಂದು ದೀಪ ಹೊತ್ತಿಕೊಳ್ಳುತ್ತದೆ. ಹೆಚ್ಚು ಇಂಧನ ಸುಟ್ಟು ಜೋರು ಕೊಡುವ ಆಫ್ಟರ್‌ಬರ್ನರ್ ಜಾಸ್ತಿ ಬಳಸಿದರೆ ಆ ದೀಪ ಬಹಳ ಬೇಗ ಬರುತ್ತದೆ.

ವೇಗ, ಎತ್ತರ ತೋರಿಸುವ ಮೀಟರುಗಳು ಕಿಲೋಮೀಟರ್, ಮೀಟರ್ ಲೆಕ್ಕದಲ್ಲಿವೆ. ನಮಗೆ ಅದೇ ಸುಲಭ ಅಲ್ವಾ? ಮೊದಮೊದಲು ಒಂದೊಂದೇ ಅಂಕಿ ಓದುತ್ತೀರಿ. ಆಮೇಲೆ ಗೋಡೆ ಗಡಿಯಾರ ನೋಡಿದ ಹಾಗೆ, ಮುಳ್ಳು ಯಾವ ಕಡೆ ವಾಲಿದೆ ಅನ್ನುವುದರಲ್ಲೇ ವಿಷಯ ತಿಳಿಯುತ್ತದೆ. ಕಷ್ಟ ಕೊಡುವುದು ಕೃತಕ ದಿಗಂತ, ಅಂದರೆ ವಿಮಾನ ಎತ್ತ ವಾಲಿದೆ ಎಂದು ತೋರಿಸುವ ಮೀಟರ್. ಅಮೆರಿಕದ ವಿಮಾನಗಳಲ್ಲಿ ದಿಗಂತದ ಗೆರೆ ವಾಲುತ್ತದೆ, ಇಲ್ಲಿ ಪುಟ್ಟ ವಿಮಾನದ ಗುರುತೇ ವಾಲುತ್ತದೆ. ಮೋಡದೊಳಗೆ ಹೋದಾಗ ಹಳೆ ಅಭ್ಯಾಸ ಕೈಯನ್ನು ತಪ್ಪು ಕಡೆಗೆ ಎಳೆಯುತ್ತದೆ. ಹಾಗಾಗಿ ಅಮೆರಿಕದ ವಿಮಾನ ಹಾರಿಸಿ ಬಂದವರು ಮೋಡದಲ್ಲಿ ಸುಮ್ನೆ ನೇರ ಹಾರುವುದನ್ನೇ ಚೆನ್ನಾಗಿ ಅಭ್ಯಾಸ ಮಾಡಬೇಕು.

ಪ್ಯಾನೆಲ್ ನಡುವೆ ಮೇಲಿಂದ ಕೆಳಕ್ಕೆ ಒಂದು ಬಿಳಿ ಪಟ್ಟೆ ಬಳಿದಿದ್ದಾರೆ. ಅಲಂಕಾರಕ್ಕಲ್ಲ. ವಿಮಾನ ಸ್ಪಿನ್‌ಗೆ ಬಿದ್ದು ಗಿರಗಿರ ಸುತ್ತುವಾಗ ಸ್ಟಿಕ್ ನಡುವಿನಲ್ಲಿದೆಯಾ ಎಂದು ತಿಳಿಯುವುದು ಕಷ್ಟ. ಆಗ ಸ್ಟಿಕ್ಕನ್ನು ಆ ಪಟ್ಟೆಯ ನೇರಕ್ಕೆ ಹಿಡಿಯಬೇಕು. ಇಷ್ಟು ಸರಳವಾದ ಉಪಾಯವನ್ನು ಯಾವ ಸ್ಕ್ರೀನಿನಲ್ಲೂ ನಾನು ನೋಡಿಲ್ಲ.

ಇಳಿಸುವುದೇ ದೊಡ್ಡ ಪಾಠ. ಫೈನಲ್‌ನಲ್ಲಿ, ಅಂದರೆ ರನ್‌ವೇ ನೇರಕ್ಕೆ ಇಳಿದು ಬರುವಾಗ, ವೇಗ ಗಂಟೆಗೆ 350 ಕಿ.ಮೀ. ಆಸುಪಾಸು. ತ್ರಿಕೋನಾಕಾರದ ಸಣ್ಣ ಡೆಲ್ಟಾ ರೆಕ್ಕೆ ಸ್ವಲ್ಪ ನಿಧಾನವಾದರೂ ಭಾರ ಹೊರಲು ಒದ್ದಾಡುತ್ತದೆ. ರೆಕ್ಕೆಯ ಹಿಂಬದಿಯ ಫ್ಲಾಪ್ ಪೂರ್ತಿ ಇಳಿಸಿದಾಗ ಎಂಜಿನ್ನಿನಿಂದ ಬರುವ ಗಾಳಿಯನ್ನು ಅದರ ಮೇಲೆ ಊದುವ ಎಸ್‌ಪಿಎಸ್ ಎಂಬ ವ್ಯವಸ್ಥೆ ಇದೆ. ಎಂಜಿನ್ ಜೋರಾಗಿ ತಿರುಗುತ್ತಿದ್ದರೆ ಮಾತ್ರ ಆ ಗಾಳಿ. ರನ್‌ವೇ ಬಂತೆಂದು ಥ್ರಾಟಲ್ ಪೂರ್ತಿ ಎಳೆದರೆ ಗಾಳಿ ನಿಂತು ವಿಮಾನ ಧಡಾರನೆ ಕೂರುತ್ತದೆ. ಚಕ್ರ ತಾಗುವವರೆಗೂ ಸ್ವಲ್ಪ ಪವರ್ ಇರಲಿ. ಆಮೇಲೆ ವೇಗ ತಗ್ಗಿಸುವ ಬಾಲದ ಪ್ಯಾರಾಚೂಟ್ ಬಿಡಿ. ನೆಲದ ಮೇಲೆ ಮೂಗಿನ ಚಕ್ರವನ್ನು ತಿರುಗಿಸಲು ಬರುವುದಿಲ್ಲ. ಬ್ರೇಕ್ ಲಿವರ್ ಸ್ಟಿಕ್ ಮೇಲಿದೆ. ಅದನ್ನು ಹಿಡಿದು ಪೆಡಲ್ ಒತ್ತಿದ ಕಡೆಗೆ ವಿಮಾನ ತಿರುಗುತ್ತದೆ.

ನಮ್ಮ ವಾಯುಪಡೆಗೆ ಮಿಗ್-21 ಬಂದದ್ದು 1963ರಲ್ಲಿ. ಎಚ್‌ಎಎಲ್ ನಾಸಿಕ್‌ನಲ್ಲಿ ವಿಮಾನವನ್ನೂ ಕೋರಾಪುಟ್‌ನಲ್ಲಿ ಎಂಜಿನ್ನನ್ನೂ ತಯಾರಿಸಿತು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಅದಕ್ಕೆ ವಿದಾಯ ಹೇಳಿದರು. ಕೊನೆವರೆಗೂ ಹಾರಿದ್ದು ಬೈಸನ್, ಅಂದರೆ ಬಿಸ್‌ಗೆ ಹೊಸ ರೇಡಾರ್ ಮತ್ತು ಸ್ಕ್ರೀನ್ ಹಾಕಿದ ರೂಪ. ಬೈಸನ್ ಬೇಕೆಂದು ಕೊಳ್ಳುವವರು ಗಮನಿಸಿ, ಇದು ಅದಕ್ಕಿಂತ ಹಳೆಯದು. ನಮ್ಮ ಎಷ್ಟೋ ಪೈಲಟ್‌ಗಳು ಕೂತ ಕಾಕ್‌ಪಿಟ್ ಹೀಗೇ ಇತ್ತು ಎಂಬ ಯೋಚನೆ ನನ್ನನ್ನು ಪ್ರತಿ ಸಲವೂ ತಟ್ಟುತ್ತದೆ.

ಒಂದು ಕೊರತೆ: ಎರಡು ಸೀಟಿನ ತರಬೇತಿ ಮಿಗ್ ಇದರಲ್ಲಿಲ್ಲ. ಗೆಳೆಯರ ಜೊತೆ ಕೂತು ಕಲಿಯಬೇಕಾದರೆ ಎರಡು ಸೀಟಿನ ತರಬೇತಿ ವಿಮಾನ ಎಲ್-39 ಬೇರೆಯಾಗಿ ಕೊಳ್ಳಬೇಕು. ಇನ್ನು ಜಾಯ್‌ಸ್ಟಿಕ್ ವಿಷಯ. ನಾನು ಮೊದಲು ತಂದದ್ದರಲ್ಲಿ ರಡ್ಡರ್‌ನ, ಅಂದರೆ ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವುದರ, ಸೆನ್ಸರ್ ವಾರಂಟಿ ಮುಗಿಯುತ್ತಿದ್ದಂತೆ ನಡುಗಲು ಶುರುವಾಯಿತು, ರಿಪೇರಿಗೆ ಕೇಳಿದರೆ ಉತ್ತರವೇ ಬರಲಿಲ್ಲ. ಈ ವಿಮಾನಕ್ಕೆ ರಡ್ಡರ್ ತುಂಬಾ ಬೇಕು. ಕಾಲಲ್ಲಿ ಒತ್ತುವ ರಡ್ಡರ್ ಪೆಡಲ್‌ಗೆ ದುಡ್ಡು ಹಾಕಿ, ಮಾಡ್ಯೂಲನ್ನು ಸೇಲ್ ಬಂದಾಗ ತಗೊಳ್ಳಿ.

ಕಲಿಯುವಾಗ ಕ್ಷಿಪಣಿ ಕಟ್ಟಿಕೊಳ್ಳಬೇಡಿ, ರೇಡಾರ್ ಮುಟ್ಟಬೇಡಿ. ಉಚಿತವಾಗಿ ಸಿಗುವ ಕಾಕಸಸ್ ಮ್ಯಾಪಿನಲ್ಲಿ ಜಾರ್ಜಿಯಾ ದೇಶದ ಕುಟೈಸಿ ವಿಮಾನ ನಿಲ್ದಾಣದಿಂದ ಎದ್ದು ಒಂದು ಸುತ್ತು ಹಾಕಿ ಅಲ್ಲೇ ಇಳಿಯಿರಿ. ಸುತ್ತ ಬಯಲು, ಕಣ್ಣನ್ನು ಮೀಟರುಗಳ ಮೇಲೆ ಇಡಲು ಸಮಯ ಸಿಗುತ್ತದೆ. ಅಲ್ಲಿ ಕೈ ಪಳಗಿದ ಮೇಲೆ ಅದೇ ಮ್ಯಾಪಿನ ಬಟುಮಿ ನಿಲ್ದಾಣಕ್ಕೆ ಹೋಗಿ. ಅಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ.