ಕೆಡವುವ ಮಾತಿಗೆ ಮುಂಚೆ ಇವರನ್ನು ಕರೆಸಿ

ಈ ಕಾಂಕ್ರೀಟ್ ತಪಾಸಣೆ ಲ್ಯಾಬ್‌ಗೆ ನಾನು ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಒಂದು ಕಡಿಮೆ ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಇವರಿಂದ ನಮಗೆ ಏನು ಉಳಿಯಿತು ಅನ್ನುವುದನ್ನು ಹೇಳಬೇಕು.

ನಮ್ಮ ಇಗರ್ಜಿ, ಅಂದರೆ ಚರ್ಚು, ಇರುವುದು ಮುಂಬೈ ಉಪನಗರದಲ್ಲಿ. ಕಟ್ಟಿದ್ದು 1964ರಲ್ಲಿ. ಗೋಪುರ ಇಲ್ಲ, ಕಮಾನು ಇಲ್ಲ. ಬೀಸಣಿಗೆ ಮಾಡಲು ಕಾಗದ ಮಡಚುತ್ತೇವಲ್ಲ, ಹಾಗೆ ಮಡಚಿದ ಕಾಂಕ್ರೀಟ್ ಮಾಡು, ಅಂದರೆ ಚಾವಣಿ. ಒಳಗೆ ನಡುವೆ ಒಂದೂ ಕಂಬ ಇಲ್ಲ, ಆ ಮಡಿಕೆಯೇ ಅದರ ಬಲ. ಬಲಿಪೀಠದ ಎಡಗಡೆ ಸಿಮೆಂಟಿನ ಜಾಲಿ. ಬೆಳಗ್ಗೆ ಏಳರ ಪೂಜೆಗೆ ಬಿಸಿಲು ಅದರೊಳಗಿಂದ ಚೌಕ ಚೌಕವಾಗಿ ನೆಲದ ಮೇಲೆ ಬೀಳುತ್ತದೆ. ಮದುವೆಯಾಗಿ ಮಂಗಳೂರಿನಿಂದ ಬಂದ ಮೊದಲ ಭಾನುವಾರ ನಾನು ಮೊಣಕಾಲೂರಿದ್ದು ಆ ಚೌಕಗಳ ಮೇಲೆ. ಇವತ್ತಿಗೂ ನನ್ನ ಜಾಗ ಅದೇ.

ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಅದು ಎಷ್ಟು ಗಟ್ಟಿ ಇದೆ ಅನ್ನುವ ತಪಾಸಣೆ, ಕಡ್ಡಾಯ. ಮೊದಲು ಬಂದ ಕನ್ಸಲ್ಟೆಂಟ್ ಅರ್ಧ ಗಂಟೆ ಸುತ್ತಾಡಿದರು, ಫೋಟೋ ತೆಗೆದರು, ಸಿ1 ಅಂತ ಬರೆದುಕೊಟ್ಟರು. ಸಿ1 ಅಂದರೆ ಖಾಲಿ ಮಾಡಿ, ಕೆಡವಿ. ಒಂದು ಕಡೆಯೂ ಸುತ್ತಿಗೆ ತಾಗಿಸಿ ನೋಡಿರಲಿಲ್ಲ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಸಮಿತಿಯಲ್ಲಿ ಅರ್ಧ ಜನ ಒಪ್ಪಿಯೇಬಿಟ್ಟರು. ಹೊಸದು ಕಟ್ಟೋಣ, ಮಾರ್ಬಲ್ ಹಾಕಿಸೋಣ, ಇದೇನು ಗೋಡೌನ್ ಥರ ಇದೆ ಅಂದರು. ನಾನು ಇಗರ್ಜಿಯ ಲೆಕ್ಕ ಬರೆಯುವವಳು, ಸಭೆಯಲ್ಲಿ ಮಾತಾಡುವುದು ಕಡಿಮೆ. ಅವತ್ತು ಮಾತಾಡಿದೆ. ದಾದರ್‌ನ ಪೋರ್ಚುಗೀಸ್ ಚರ್ಚ್ ನೋಡಿ ಅಂದೆ. ಆ ಇಗರ್ಜಿ ಶುರುವಾಗಿದ್ದು 1596ರಲ್ಲಿ. ಆದರೆ ಈಗಿರುವ ಕಟ್ಟಡ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದ್ದು, 1977ರಲ್ಲಿ ಮುಗಿದದ್ದು. ಅದೂ ಬರೀ ಕಾಂಕ್ರೀಟೇ. ಬಿಸಿ ಗಾಳಿ ತಾನಾಗಿ ಮೇಲೆ ಹೋಗಲಿ ಅಂತ ಎತ್ತರದ ಚಿಪ್ಪಿನಂಥ ಮಾಡು ಇಟ್ಟಿದ್ದಾರೆ. ಅದನ್ನು ಯಾರಾದರೂ ಗೋಡೌನ್ ಅಂತಾರಾ? ದೆಹಲಿಯ ಹಾಲ್ ಆಫ್ ನೇಷನ್ಸ್ ಅನ್ನುವ ಕಾಂಕ್ರೀಟ್ ಪ್ರದರ್ಶನ ಭವನ 1972ರದ್ದು. ಇನ್ನೂ 60 ವರ್ಷ ಆಗಿಲ್ಲ ಅಂತ ಅದನ್ನು ಪಾರಂಪರಿಕ ಪಟ್ಟಿಗೆ ಸೇರಿಸಲಿಲ್ಲ. 2017ರ ಏಪ್ರಿಲ್‌ನಲ್ಲಿ ಒಂದೇ ರಾತ್ರಿ ಕೆಡವಿದರು. ನಮ್ಮ ಕಾಲದ ಕಟ್ಟಡಗಳು ಹಳೆಯವಾಗುವುದಕ್ಕೇ ಬಿಡುತ್ತಿಲ್ಲ, ಅಲ್ವಾ?

ಕೊನೆಗೆ ಫಾದರ್, ಸರಿ, ಒಂದು ಸಲ ಟೆಸ್ಟ್ ಮಾಡಿಸೋಣ ಅಂದರು. ಹಾಗೆ ಇವರು ಬಂದರು.

ಇಬ್ಬರು ಹುಡುಗರು, ಎರಡು ದಿನ. ಮಾಡಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಶಬ್ದದ ಅಲೆ ಎಷ್ಟು ಬೇಗ ಹಾಯುತ್ತದೆ ಅಂತ ಯಂತ್ರ ಹಿಡಿದು ನೋಡಿದರು. ಸೆಕೆಂಡಿಗೆ 3.5 ಕಿಲೋಮೀಟರ್‌ಗಿಂತ ಜಾಸ್ತಿ ಬಂದರೆ ಕಾಂಕ್ರೀಟ್ ಚೆನ್ನಾಗಿದೆ ಅಂತ ಲೆಕ್ಕ. ನಮ್ಮಲ್ಲಿ ಹೆಚ್ಚಿನ ಕಡೆ 3.7, 3.8 ಬಂತು. ಮಳೆನೀರು ಇಳಿಯುವ ಮೂಲೆಯಲ್ಲಿ ಮಾತ್ರ 2.8.

ನನಗೆ ಮರೆಯಲಾಗದ್ದು ಬಣ್ಣದ ಪರೀಕ್ಷೆ. ಹುಬ್ಬಳ್ಳಿ ಕಡೆಯ ಹುಡುಗ ಸ್ವಲ್ಪ ಕಾಂಕ್ರೀಟ್ ಒಡೆದು, ಧೂಳು ಊದಿ, ಬಾಟಲಿಯಿಂದ ನೀರಿನಂಥ ಏನೋ ಚಿಮುಕಿಸಿದ. ಫೀನಾಲ್ಫ್ತಲೀನ್ ಅಂತೆ. ನೋಡನೋಡುತ್ತಲೇ ಒಳಭಾಗ ಗಾಢ ಗುಲಾಬಿಯಾಯಿತು. ಹೊರಗಿನ ಸ್ವಲ್ಪ ಅಂಚು ಮಾತ್ರ ಬೂದಿಯಾಗಿಯೇ ಉಳಿಯಿತು.

"ಗುಲಾಬಿ ಬಂತಲ್ರೀ ಆಂಟಿ, ಇಲ್ಲಿ ಕಂಬಿ ಇನ್ನೂ ಚಲೋ ಐತಿ" ಅಂದ.

"ಎಲ್ಲ ಗುಲಾಬಿ ಆಗ್ಲಿಲ್ಲ ಅಲ್ವಾ ಮಗಾ?"

ಅವನು ಅಲ್ಲೇ ಕೂತು ಬಿಡಿಸಿ ಹೇಳಿದ. ಕಾಂಕ್ರೀಟಿನಲ್ಲಿ ಕ್ಷಾರ ಇರುವವರೆಗೆ ಒಳಗಿನ ಕಂಬಿಗೆ ರಕ್ಷಣೆ ಇರುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿಯುತ್ತಾ ಅದನ್ನು ಕಳೆಯುತ್ತದೆ. ಅದು ಕಂಬಿಯವರೆಗೆ ತಲುಪಿ, ಮೇಲೆ ನೀರೂ ಸೇರಿದರೆ ತುಕ್ಕು ಶುರು. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ನಮ್ಮ ಮಾಡಿನಲ್ಲಿ ಹಾಗಾಗಿದ್ದು ಆ ಒಂದು ಮೂಲೆಯಲ್ಲಿ. ಕಾರಣವನ್ನೂ ಇವರೇ ಹುಡುಕಿದರು. ಸೋರುತ್ತದೆ ಅಂತ ನಾವು ಸಲ ಸಲಕ್ಕೂ ಮೇಲಿಂದ ಕೋಬಾ, ಅಂದರೆ ಇಟ್ಟಿಗೆ ಚೂರು, ಸಿಮೆಂಟಿನ ದಪ್ಪ ಪದರ, ಹಾಕಿಸುತ್ತಾ ಬಂದಿದ್ದೆವು. ಆ ದಪ್ಪದಲ್ಲಿ ನೀರು ಹೋಗುವ ಬಾಯಿ ಅರ್ಧ ಮುಚ್ಚಿತ್ತು, ಉಳಿದರ್ಧದಲ್ಲಿ ಗುಲ್‌ಮೊಹರ್ ಎಲೆ. ತೆಳ್ಳಗಿನ ಮಾಡಿನ ಮೇಲೆ ಅಷ್ಟು ಭಾರ ನಾವೇ ಹೊರಿಸಿದ್ದೆವು. ಕೇಳಿ ಎದೆ ಚುರ್ ಅಂದಿತು.

ಇವರು ರಿಪೇರಿ ಮಾಡುವುದಿಲ್ಲ, ಯಾವ ಕಂಪನಿಯ ಕೆಮಿಕಲ್ಲೂ ಮಾರುವುದಿಲ್ಲ. ನನ್ನ ಪ್ರಕಾರ ಇದೇ ಇವರ ದೊಡ್ಡ ಗುಣ. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರು. ಆ ವರದಿ ನೋಡಿ ಬೇರೊಬ್ಬ ಎಂಜಿನಿಯರ್ ಸಿ2ಬಿ ಕೊಟ್ಟರು. ಅಂದರೆ ಖಾಲಿ ಮಾಡುವುದು ಬೇಡ, ರಿಪೇರಿ ಸಾಕು. ಈಗ ಬಿದಿರಿನ ಸಾರುವೆ ಕಟ್ಟಿ ಕೋಬಾ ತೆಗೆಯುತ್ತಿದ್ದಾರೆ. ಪೂಜೆ ಒಳಗೇ ನಡೆಯುತ್ತಿದೆ, ಆ ಮೂಲೆಯ ನಾಲ್ಕು ಬೆಂಚು ಮಾತ್ರ ಸರಿಸಿದ್ದೇವೆ.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಪರೀಕ್ಷೆಗೆ ಕಾಂಕ್ರೀಟಿನ ತುಂಡು (ಕೋರ್) ಕೊರೆದು ತೆಗೆದ ಮೂರು ತೂತುಗಳನ್ನು ಎಂಟು ದಿನ ಹಾಗೇ ಬಿಟ್ಟರು. ನಾಲ್ಕು ಸಲ ಫೋನ್ ಮಾಡಬೇಕಾಯಿತು. ವರದಿ 46 ಪುಟ, ಪೂರ್ತಿ ಇಂಗ್ಲಿಷ್. ಸಮಿತಿಯ ಹಿರಿಯರಿಗೆ ನಾನೇ ಕೂತು ಕೊಂಕಣಿಯಲ್ಲಿ, ಕನ್ನಡದಲ್ಲಿ ಹೇಳಿದೆ. ಎರಡು ಪುಟದ ಸಾರಾಂಶವನ್ನಾದರೂ ಮರಾಠಿಯಲ್ಲೋ ಕನ್ನಡದಲ್ಲೋ ಕೊಡಬಹುದಿತ್ತು.

ಕರೆಸುವವರು ಮಳೆಗಾಲಕ್ಕೆ ಮುಂಚೆ ಕರೆಸಿ. ಹಳೆಯ ನಕ್ಷೆ ಇದ್ದರೆ ಹುಡುಕಿಡಿ. ನಮ್ಮದು ಪೂಜಾವಸ್ತ್ರಗಳ ಕಪಾಟಿನ ತಳದಲ್ಲಿ ಸಿಕ್ಕಿತು. ಕಂಬಿ ಎಲ್ಲೆಲ್ಲಿದೆ ಅಂತ ಅದರಲ್ಲೇ ಇತ್ತು, ಅವರಿಗೆ ಅರ್ಧ ದಿನದ ಕೆಲಸ ಉಳಿಯಿತು.