ಗದ್ದದ ಕೂದಲಿಗೆ ಅಂಗಡಿ ಕ್ರೀಂ: ಪಿಸಿಒಡಿ ಇರುವವರು ಓದಲೇಬೇಕಾದ್ದು

ಪಿಸಿಒಡಿ, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು, ಇರುವ ಹೆಣ್ಣುಮಕ್ಕಳು ಮುಟ್ಟು ತಪ್ಪಿದರೆ ಎರಡು ಮೂರು ತಿಂಗಳು ಸುಮ್ಮನಿದ್ದಾರು, ಗದ್ದದ ಮೇಲೆ ನಾಲ್ಕು ದಪ್ಪ ಕೂದಲು ಕಂಡರೆ ಮಾತ್ರ ಅವತ್ತೇ ಅಂಗಡಿಗೆ ಹೋಗುತ್ತಾರೆ. ರಾಯಚೂರು, ಕೊಪ್ಪಳ, ಬಳ್ಳಾರಿ, ಎಲ್ಲೇ ಆಗಲಿ, ಆ ಅವಸರದಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ಸ್ಟೀರಾಯ್ಡ್ ಬೆರೆತ ಮಾರಿ (ಮುಖದ) ಕ್ರೀಂ. ಮೊಡವೆ, ಕೂದಲು, ಕಪ್ಪು ಕಲೆ, ಯಾವುದಕ್ಕೆ ಅಂತ ಹಚ್ಚುತ್ತಾರೋ ಅದನ್ನೇ ಈ ಕ್ರೀಂ ಹೆಚ್ಚಿಸುತ್ತದೆ. ಬೈಗುಳ ಮಾತ್ರ ಪಿಸಿಒಡಿಗೆ.

ಸಿಂಧನೂರು ಕಡೆಯ ಕಾಲೇಜು ಹುಡುಗಿಯೊಬ್ಬಳಿಗೆ ಆದದ್ದೂ ಇದೇ. ಪಿಸಿಒಡಿ ಎಂದು ಗೊತ್ತಾಗಿ ಗುಳಿಗೆ ಶುರುವಾಗಿತ್ತು. ಹಾರ್ಮೋನ್ ಗುಳಿಗೆಯಿಂದ ಕೂದಲು ತಗ್ಗಿದ್ದು ಕಣ್ಣಿಗೆ ಕಾಣಬೇಕಾದರೆ ಕನಿಷ್ಠ 6 ತಿಂಗಳು ಬೇಕು ಎಂದು ಆಕೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಥ್ರೆಡಿಂಗ್ ಮಾಡಿಸಿದ ಜಾಗದಲ್ಲಿ ಗುಳ್ಳೆ ಎದ್ದು ಕಪ್ಪು ಕಲೆ ಉಳಿದಾಗ, ಚೀಟಿ ಇಲ್ಲದೆಯೇ ಒಂದು ಟ್ಯೂಬ್ ಸಿಕ್ಕಿತು. ಅದರಲ್ಲಿದ್ದದ್ದು ಮೊಮೆಟಾಸೋನ್ ಎಂಬ ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಮೊಡವೆಗೆ ಬಳಸುವ ಟ್ರೆಟಿನಾಯಿನ್. ಮೊದಲ ವಾರಗಳಲ್ಲಿ ಮಾರಿ ಬೆಳ್ಳಗಾಯಿತು, ಗುಳ್ಳೆ ಇಳಿಯಿತು. ಸ್ಟೀರಾಯ್ಡ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ, ಉರಿಯೂತವನ್ನು ಅದುಮುತ್ತದೆ. ಹೈಡ್ರೋಕ್ವಿನೋನ್ ಬಣ್ಣವನ್ನು ತಗ್ಗಿಸುತ್ತದೆ. ಆ ಬಿಳುಪೇ ಮೋಸ.

ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮ ತೆಳುವಾಯಿತು, ಕೆನ್ನೆಯಲ್ಲಿ ಕೆಂಪು ರಕ್ತನಾಳಗಳು ಎಳೆಎಳೆಯಾಗಿ ಕಾಣತೊಡಗಿದವು. ಒಂದೇ ಗಾತ್ರದ ಸಣ್ಣ ಕೆಂಪು ಗುಳ್ಳೆಗಳು ಮುಖವೆಲ್ಲ ಎದ್ದವು. ಏಪ್ರಿಲ್ ಬಿಸಿಲಿಗೆ ಬಸ್ ಸ್ಟ್ಯಾಂಡ್‌ವರೆಗೆ ನಡೆದರೂ ಉರಿ. ಕೆನ್ನೆಯ ಮೇಲೆ ಹೊಸ ಕೂದಲು ಬಂತು. ಪಿಸಿಒಡಿ ಏರಿತು ಅಂದುಕೊಂಡು ಆಕೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ತಾನೇ ಎರಡರಷ್ಟು ಮಾಡಿಕೊಂಡಳು. ಸಿಕ್ಕಿದ್ದು ಭೇದಿಯಷ್ಟೇ. ಮೆಟ್‌ಫಾರ್ಮಿನ್ ಇನ್ಸುಲಿನ್ ಕೆಲಸಕ್ಕೆ ಒಳ್ಳೆಯದು, ಮುಖದ ಕೂದಲಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಅದನ್ನೂ 500 ಮಿ.ಗ್ರಾಂನಿಂದ ಊಟದ ಜೊತೆ ಶುರುಮಾಡಿ, ವಾರ ಎರಡು ವಾರಕ್ಕೊಮ್ಮೆ ವೈದ್ಯರು ಹೇಳಿದಂತೆ ಏರಿಸಬೇಕು.

ಎರಡು ಬಗೆಯ ಕೂದಲನ್ನು ಕನ್ನಡಿ ಮುಂದೆ ನಿಂತು ಬೇರೆ ಮಾಡಬಹುದು. ಪಿಸಿಒಡಿಯದು ದಪ್ಪ, ಕಪ್ಪು, ಗಡುಸು. ಬರುವುದು ಗದ್ದ, ಮೇಲ್ದುಟಿ, ಕಿವಿ ಮುಂದೆ, ಎದೆಯ ನಡುವೆ, ಹೊಕ್ಕಳ ಕೆಳಗೆ. ಸ್ಟೀರಾಯ್ಡ್ ಕ್ರೀಮಿನದು ಹೆಚ್ಚಾಗಿ ನವಿರು, ಕ್ರೀಂ ಹಚ್ಚಿದಷ್ಟು ಜಾಗಕ್ಕೆ ಹರಡಿರುತ್ತದೆ, ಅದರಡಿಯ ಚರ್ಮ ಕೆಂಪಾಗಿರುತ್ತದೆ. ಎದೆ, ಹೊಟ್ಟೆಯ ಕೂದಲು ಮೊದಲಿನಂತೆಯೇ ಇದ್ದು ಕೆನ್ನೆಯದು ಮಾತ್ರ ಏರಿದ್ದರೆ ಮೊದಲು ಟ್ಯೂಬನ್ನು ಅನುಮಾನಿಸಿ.

ಇನ್ನೂ ಕೆಟ್ಟ ಹಂತ ಕ್ರೀಂ ನಿಲ್ಲಿಸಿದಾಗ. ಕೆಲವೇ ದಿನಗಳಲ್ಲಿ ಮಾರಿ ಕೆಂಡದಂತೆ ಕೆಂಪಾಗಿ, ತುರಿಸಿ, ಊದಿಕೊಳ್ಳುತ್ತದೆ. 'ಹಚ್ಚಿದ್ರ ಆರಾಮ್ ಅದ, ಬಿಟ್ರ ಉರಿತದ' ಅನ್ನುವ ಮಾತು ಚರ್ಮದ ಓಪಿಡಿಯಲ್ಲಿ ಹೊಸದಲ್ಲ. ಜನ ಇದನ್ನು ಕ್ರೀಂ ಒಗ್ಗಿದ ಗುರುತು ಅಂತ ತಿಳಿಯುತ್ತಾರೆ. ಅದು ಚರ್ಮಕ್ಕೆ ಅಂಟಿದ ಚಟ. ಆ ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚಿದರೆ ಸುತ್ತು ಮೊದಲಿಂದ ಶುರು. ಕ್ರೀಂ ಹೇಗೆ ಬಿಡಬೇಕು, ಒಮ್ಮೆಲೇ ನಿಲ್ಲಿಸಬೇಕೋ ಅಥವಾ ಕಡಿಮೆ ಶಕ್ತಿಯದಕ್ಕೆ ಇಳಿದು ನಿಲ್ಲಿಸಬೇಕೋ ಎಂಬುದನ್ನು ಚರ್ಮವೈದ್ಯರೇ ಹೇಳಬೇಕು. ಉರಿಯೂತಕ್ಕೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು, ಮೊಡವೆಗೆ ಡಾಕ್ಸಿಸೈಕ್ಲಿನ್ ಗುಳಿಗೆ ಕೊಡುವುದುಂಟು. ಡಾಕ್ಸಿಸೈಕ್ಲಿನ್ ತಿನ್ನುವಾಗ ಬಿಸಿಲು ಇನ್ನೂ ಚುರುಕಾಗಿ ತಾಗುತ್ತದೆ, ಬಸುರಿ ಇದ್ದರೆ ಅದನ್ನು ಮುಟ್ಟುವಂತಿಲ್ಲ. ಚರ್ಮ ಸುಧಾರಿಸಲು ವಾರಗಳಲ್ಲ, ತಿಂಗಳುಗಳು ಹಿಡಿಯಬಹುದು. ಆ ಹೊತ್ತಿನಲ್ಲಿ ಸುಗಂಧ ಇಲ್ಲದ ಮಾಯಿಶ್ಚರೈಸರ್, ಜಿಂಕ್ ಆಕ್ಸೈಡಿನ ಸನ್‌ಸ್ಕ್ರೀನ್ ಸಾಕು. ಸನ್‌ಸ್ಕ್ರೀನ್ ಎರಡು ಬೆರಳುದ್ದ ಹಿಂಡಿ ಮಾರಿ, ಕುತ್ತಿಗೆಗೆ ಹಚ್ಚಬೇಕು. ಹೊರಗಿದ್ದರೆ ಎರಡು ಮೂರು ತಾಸಿಗೊಮ್ಮೆ ಮತ್ತೆ. ಕಡಲೆಹಿಟ್ಟು, ನಿಂಬೆಹಣ್ಣು, ಬ್ಲೀಚ್ ಯಾವುದೂ ಬೇಡ.

ಟ್ಯೂಬಿನ ಮೇಲೆ ಏನು ನೋಡಬೇಕು? ಒಳಗಿನ ಔಷಧಿಯ ಹೆಸರಿನ ಕೊನೆಗೆ 'ಸೋನ್' ಅಥವಾ 'ಸೋಲ್' ಇದೆಯೇ ನೋಡಿ: ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್. (ಕೀಟೊಕೊನಜೋಲ್‌ನಂಥ 'ನಜೋಲ್'ಗಳು ಬೇರೆ, ಅವು ಬೂಸಿನ (ಫಂಗಸ್) ಔಷಧಿ.) ಕ್ಲೋಬೆಟಾಸೋಲ್ ತೀರಾ ಗಟ್ಟಿ ಸ್ಟೀರಾಯ್ಡ್, ಹುಳುಕಡ್ಡಿಗೆ ಅಂತ ಮಾರುವ ಮಿಶ್ರಣದ ಕ್ರೀಮಿನಲ್ಲೂ ಅಡಗಿರುತ್ತದೆ. ಅಣ್ಣನ ತೊಡೆಗೆ ತಂದದ್ದನ್ನು ತಂಗಿ ಮಾರಿಗೆ ಹಚ್ಚುವುದು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಟ್ಯೂಬಿನ ಮೇಲೆ ಕೆಂಪು ಗೆರೆ, 'ಆರ್‌ಎಕ್ಸ್', ಷೆಡ್ಯೂಲ್ ಎಚ್ ಎಚ್ಚರಿಕೆ ಇದ್ದರೆ ಚೀಟಿ ಇಲ್ಲದೆ ಕೊಡುವಂತಿಲ್ಲ. ಹೆಸರೇ ಇಲ್ಲದ ಪುಟ್ಟ ಡಬ್ಬಿಯ ಬಿಳಿ ಕ್ರೀಂ ಇದಕ್ಕಿಂತ ಅಪಾಯ. ಅಂಥವುಗಳಲ್ಲಿ ಪಾದರಸವೂ ಸಿಕ್ಕಿದ್ದಿದೆ.

ಪಿಸಿಒಡಿ ಬೇರಿನಿಂದ ಹೋಗುತ್ತದೆ ಎಂದು ಲೇಬಲ್ ಇಲ್ಲದೆ ಮಾರುವ ಪುಡಿಗಳದ್ದೂ ಇದೇ ಜಾತಿ. ಅದರಲ್ಲಿ ಸ್ಟೀರಾಯ್ಡ್ ಕಲಬೆರಕೆ ಇದ್ದರೆ ಮುಖ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಮುಟ್ಟು ಏರುಪೇರಾಗುತ್ತದೆ, ಅಗಲವಾದ ನೇರಳೆ ಗೆರೆ ಮೂಡುತ್ತವೆ. ಬಹಳ ದಿನ ತಿಂದಿದ್ದರೆ ಒಮ್ಮೆಲೇ ಬಿಡಬೇಡಿ. ದೇಹ ತಾನಾಗಿ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ವಾಂತಿ, ಬಿಪಿ ಕುಸಿತ, ಜೀವಕ್ಕೇ ಕುತ್ತು. ಪುಡಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ.

ಹಾಗಾದರೆ ಕೂದಲಿಗೆ ಏನು ಮಾಡಬೇಕು? ಒಳಗಿನ ಚಿಕಿತ್ಸೆಯಲ್ಲಿ ಮೊದಲು ಬರುವುದು ಈಸ್ಟ್ರೋಜನ್-ಪ್ರೊಜೆಸ್ಟೋಜನ್ ಕೂಡಿದ ಗುಳಿಗೆ. ಅದಕ್ಕೂ ಮುಂಚೆ ಬಿಪಿ ನೋಡಿಸಬೇಕು. ಕಣ್ಣಮುಂದೆ ಮಿಂಚು ಬರುವ ಮೈಗ್ರೇನ್ ಇದ್ದರೆ, ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದರೆ ಆ ಗುಳಿಗೆ ಬೇಡ. 6 ತಿಂಗಳಾದರೂ ಸಾಲದಿದ್ದರೆ ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಸೇರಿಸುತ್ತಾರೆ, ಅದರ ಜೊತೆ ಗರ್ಭನಿರೋಧ ಕಡ್ಡಾಯ, ಹೊಟ್ಟೆಯಲ್ಲಿ ಗಂಡು ಮಗುವಿದ್ದರೆ ಅದರ ಬೆಳವಣಿಗೆಗೆ ತೊಂದರೆಯಾದೀತು. ಅಲ್ಲಿಯವರೆಗೆ ರೇಜರ್ ಬಳಸಿ. ಬೋಳಿಸಿದರೆ ಕೂದಲು ದಪ್ಪವಾಗುವುದಿಲ್ಲ, ತುದಿ ಮೊಂಡಾಗಿ ಹಾಗೆ ಅನಿಸುತ್ತದೆ ಅಷ್ಟೆ.

ಲೇಸರ್ ಬಹಳ ಜನರ ಆಸೆ. ನಮ್ಮ ಬಣ್ಣದ ಚರ್ಮಕ್ಕೆ ಡಯೋಡ್ ಅಥವಾ ಎನ್‌ಡಿ-ಯಾಗ್ ಯಂತ್ರ ಬೇಕು, 4ರಿಂದ 6 ವಾರಕ್ಕೊಂದರಂತೆ ಹಲವು ಸರದಿ, ಆಮೇಲೂ ಆಗಾಗ ಒಂದೊಂದು. ಕೂದಲಿನ ಬುಡ ಇದ್ದರೇ ಲೇಸರ್ ಕೆಲಸ ಮಾಡುವುದು, ಹಾಗಾಗಿ ಮುಂಚಿನ 4 ವಾರ ಥ್ರೆಡಿಂಗ್, ವ್ಯಾಕ್ಸಿಂಗ್ ಇಲ್ಲ. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಹೊಡೆದರೆ ಸುಟ್ಟ ಕಲೆ ಬೀಳುತ್ತದೆ. ರಾಯಚೂರಿನಂಥ ಊರಲ್ಲಿ ದೀಪಾವಳಿ ಕಳೆದ ಮೇಲೆ ಶುರುಮಾಡುವುದು ಲೇಸು. ಸ್ಟೀರಾಯ್ಡಿನಿಂದ ಕೆಂಪಾದ ಮಾರಿಗಂತೂ ಲೇಸರ್ ಬೇಡವೇ ಬೇಡ, ಮೊದಲು ಚರ್ಮ ಗುಣವಾಗಲಿ. ಇನ್ನು ಪಿಸಿಒಡಿಯಲ್ಲಿ ಕುತ್ತಿಗೆ ಕಪ್ಪಾದರೆ ಅದು ಕೊಳೆಯಲ್ಲ, ಇನ್ಸುಲಿನ್ ಹೆಚ್ಚಾದ ಗುರುತು. ಉಜ್ಜಿದಷ್ಟೂ ದಪ್ಪವಾಗುತ್ತದೆ, ತೂಕ ಇಳಿದಂತೆ ತಿಳಿಯಾಗುತ್ತದೆ.

ಕೆಲವೇ ತಿಂಗಳಲ್ಲಿ ಕೂದಲು ಒಮ್ಮೆಲೇ ಏರಿ, ದನಿ ಒಡೆದು, ನೆತ್ತಿ ಬೋಳಾಗತೊಡಗಿದರೆ ಅದು ಬೇರೆಯೇ ವಿಷಯ: ಅಂಡಾಶಯದಲ್ಲಿ ಇಲ್ಲವೇ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇದೆಯೇ ಎಂದು ಟೆಸ್ಟೋಸ್ಟಿರಾನ್ ಪರೀಕ್ಷೆ ಕೂಡಲೇ ಆಗಬೇಕು. ಮುಟ್ಟು ಬಾರದೆ 90 ದಿನ ದಾಟಿದರೂ ಕಾಯಬಾರದು, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ.

ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಜನ ಇನ್ನೂ ವಿಮ್ಸ್ ಅನ್ನುವ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು, ಹತ್ತಿರ ಇದ್ದಲ್ಲಿಗೆ ಹೋಗಿ ಚರ್ಮ ಮತ್ತು ಹೆರಿಗೆ ಎರಡೂ ವಿಭಾಗಕ್ಕೆ ತೋರಿಸಿ. ಹೋಗುವಾಗ ಖಾಲಿಯಾದ ಟ್ಯೂಬು, ಅದರ ಡಬ್ಬಿ, ಮುಟ್ಟಿನ ತಾರೀಖು ಬರೆದ ಚೀಟಿ, ಕ್ರೀಂ ಹಚ್ಚುವ ಮೊದಲಿನ ಒಂದು ಫೋಟೋ ಒಯ್ಯಿರಿ. ಮುಖಕ್ಕೆ ಪೌಡರ್ ಬೇಡ.